ಎಲ್ಲವೂ ದೇವರಾದರೆ ಈ ಕಲ್ಲಿಗೇ ಯಾಕೆ ಕಾಯಿ?

ಪ್ರಕೃತಿಯೇ ದೇವರು ಅನ್ನಿಸುತ್ತದೆ, ಪೂಜೆಗೆ ಮನಸ್ಸಿಲ್ಲ, ಹಾಗಾದರೆ ಸರ್ವೇಶ್ವರವಾದ, ಅಂದರೆ ಎಲ್ಲವೂ ದೇವರೇ ಅನ್ನುವ ನಿಲುವು, ಆಸ್ತಿಕ-ನಾಸ್ತಿಕರ ನಡುವಿನ ದಾರಿ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಹಾಗಂದುಕೊಂಡೇ ನಾನು ದೊಡ್ಡಪ್ಪನ ಜತೆ ನಾಲ್ಕು ವರ್ಷ ಮಾತು ಕಳೆದುಕೊಂಡೆ.

ನಮ್ಮೂರು ಶಿರಸಿ ಹತ್ತಿರ. ತೋಟದ ಮೇಲಿನ ಬೆಟ್ಟದಲ್ಲಿ ಚೌಡಿ ದೇವತೆಯ ಒಂದು ಕಲ್ಲಿದೆ. ಅಡಿಕೆಯ ಕೊನೆಕೊಯ್ಲಿಗೆ ಮುಂಚೆ ಅಲ್ಲಿ ಕಾಯಿ ಒಡೆಯುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ದೊಡ್ಡಪ್ಪನಿಗೆ ಮಂಡಿನೋವು. ಕಾಯಿ ನನ್ನ ಕೈಗೆ ಕೊಟ್ಟರು. ನಾನು ಆಗಷ್ಟೇ ಸ್ಪಿನೋಜಾನನ್ನು ಓದುತ್ತಿದ್ದೆ, ದೇವರು-ಪ್ರಕೃತಿ ಒಂದೇ ಅಂದ ಹದಿನೇಳನೇ ಶತಮಾನದ ಡಚ್ ತತ್ವಜ್ಞಾನಿ. ಎಷ್ಟು ಓದಿದ್ದೆ ಅಂದರೆ ನಲವತ್ತು ಪುಟ. "ಕಲ್ಲೂ ದೇವರು, ಅಡಿಕೆ ಮರವೂ ದೇವರು. ಮತ್ತೆ ಈ ಕಲ್ಲಿಗೇ ಯಾಕೆ ಒಡೆಯಬೇಕು?" ಅಂದೆ. "ತಮಾ, ಮನಸಿಲ್ಲೆ ಅಂದ್ರೆ ಹಂಗೇ ಹೇಳು" ಅಂದವರು ಕಾಯಿ ವಾಪಸ್ ಇಸಿದುಕೊಂಡು ಕುಂಟುತ್ತಾ ತಾವೇ ಬೆಟ್ಟ ಹತ್ತಿದರು. ಆಮೇಲೆ ಅವರ ಮನೆಗೆ ಹೋದರೆ ಆಸರಿಗೆ (ಕುಡಿಯೋಕೆ ಏನಾದರೂ) ಬೇಕಾ ಅಂತಲೂ ಕೇಳುತ್ತಿರಲಿಲ್ಲ.

ಉದ್ಧಟತನ ಅಂತ ಅಮ್ಮ ಬೈದರು. ಇರಬಹುದು. ಆದರೆ ನನ್ನ ವಾದವೇ ತಪ್ಪಿತ್ತು, ನನಗೆ ಇವತ್ತಿಗೂ ಚುಚ್ಚುವುದು ಅದು. ಎಲ್ಲವೂ ದೇವರು ಅಂದರೆ ಒಂದೊಂದು ವಸ್ತುವೂ ಒಂದೊಂದು ದೇವರು ಅಂತ ತಿಳಿದಿದ್ದೆ. ಸ್ಪಿನೋಜಾ ಹಾಗೆ ಹೇಳುವುದಿಲ್ಲ. ಇರುವುದು ಒಂದೇ, ಅದನ್ನೇ ದೇವರು ಅನ್ನಿ, ಪ್ರಕೃತಿ ಅನ್ನಿ. ಕಲ್ಲು, ಮರ, ನಾನು ಅದರ ರೀತಿಗಳು. ಯಕ್ಷಗಾನದಲ್ಲಿ ಕುಣಿಯುವವನು ಒಬ್ಬ, ಹೆಜ್ಜೆ ನೂರು. ಒಂದು ಹೆಜ್ಜೆ ತೋರಿಸಿ ಇದೇ ವೇಷಧಾರಿ ಅನ್ನೋಕಾಗುತ್ತದಾ? ಅಂದಮೇಲೆ 'ಈ ಕಲ್ಲೂ ದೇವರು' ಅನ್ನುವ ನನ್ನ ಮೊದಲ ಮಾತೇ ಬಿದ್ದುಹೋಯಿತು.

ಎರಡನೇ ತಪ್ಪು ಇನ್ನೂ ಕೆಟ್ಟದ್ದು. ದೊಡ್ಡಪ್ಪನ ಚೌಡಿ ತೋಟ ಕಾಯುತ್ತಾಳೆ, ಹರಕೆ ಕೇಳಿಸಿಕೊಳ್ಳುತ್ತಾಳೆ, ಸಿಟ್ಟೂ ಮಾಡುತ್ತಾಳೆ. ಆಸ್ತಿಕರ ದೇವರು ಅಂಥವರು. ಸ್ಪಿನೋಜಾನ ದೇವರು ಕಿವಿಗೊಡುವುದಿಲ್ಲ. ದೇವರನ್ನು ಪ್ರೀತಿಸುವವನು ದೇವರೂ ತನ್ನನ್ನು ಪ್ರೀತಿಸಲಿ ಅಂತ ಬಯಸಲಾರ ಎಂದು ಅವನೇ ಬರೆದಿದ್ದಾನೆ. ಅವನು ಸತ್ತ ಮೇಲೆ, 1677ರಲ್ಲಿ, ಅಚ್ಚಾದ ಪುಸ್ತಕದಲ್ಲಿ. ನಾನು ನಯವಾಗಿ 'ಎಲ್ಲವೂ ದೇವರು' ಅಂದೆ. ದೊಡ್ಡಪ್ಪನಿಗೆ ಕೇಳಿಸಿದ್ದು 'ಕಾಯಿ ತಗೊಳ್ಳುವವರು ಅಲ್ಲಿ ಯಾರೂ ಇಲ್ಲ' ಅಂತ. ಅವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು. (1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಸ್ಪಿನೋಜಾನನ್ನು ಹೊರಗೇ ಹಾಕಿತ್ತು, ಇಪ್ಪತ್ತಮೂರನೇ ವಯಸ್ಸಿಗೆ. ನನಗೆ ಬರೀ ಆಸರಿ ತಪ್ಪಿತು.)

ನಾಸ್ತಿಕನೂ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಅನ್ನುತ್ತಾನೆ, ಆದರೆ ಇರುವ ಜಗತ್ತಿಗೆ ದೇವರ ಹೆಸರು ಯಾಕೆ ಅಂತ ಕೇಳುತ್ತಾನೆ. ಸರ್ವೇಶ್ವರವಾದ ಅಂದರೆ ನಾಸ್ತಿಕತೆಗೇ ಇಟ್ಟ ನಯವಾದ ಹೆಸರು ಅಂತ ಜರ್ಮನ್ ತತ್ವಜ್ಞಾನಿ ಶೋಪೆನ್‌ಹೌರ್ ಹಂಗಿಸಿದ್ದ. ನನಗೆ ಅದು ಅರ್ಧ ನಿಜ. ಇಡೀ ಜಗತ್ತು ಒಂದೇ, ಅದಕ್ಕೆ ತಲೆಬಾಗಬೇಕು ಅಂತ ಒಳಗಿಂದ ಅನ್ನಿಸಿದರೆ ಮಾತ್ರ ಆ ಹೆಸರಿಗೆ ಅರ್ಥ. ಕಾಡು ನೋಡಿ ಖುಷಿಯಾಗುವುದಷ್ಟೇ ಆದರೆ ಅದು ಖುಷಿ, ಸಾಕು, ವಾದ ಬೇಡ.

ನಡುವಿನ ದಾರಿ ಹುಡುಕುವ ಮೊದಲು ನಮ್ಮ ಶಿರಸಿ ಹತ್ತಿರದ ಸೋಂದಾಕ್ಕೆ ಹೋಗಿ ಬನ್ನಿ. ಜೀವ ಬೇರೆ, ದೇವರು ಬೇರೆ ಅನ್ನುವ ವಾದಿರಾಜರ ಮಠ ಅಲ್ಲಿದೆ. ಸೃಷ್ಟಿಕರ್ತನನ್ನೇ ಒಪ್ಪದ ಜೈನರ ಮಠವೂ ಇದೆ, ಅಲ್ಲೂ ಪೂಜೆ ನಡೆಯುತ್ತದೆ. ಹತ್ತಿರದಲ್ಲೇ ಅದ್ವೈತದ ಸ್ವರ್ಣವಲ್ಲಿ ಮಠ. ಅದ್ವೈತವನ್ನೂ ಸ್ಪಿನೋಜಾನನ್ನೂ ಸುಮ್ನೆ ಒಂದು ಮಾಡಬೇಡಿ. ಶಂಕರರಿಗೆ ಜಗತ್ತು ಮಿಥ್ಯೆ, ಸ್ಪಿನೋಜಾನಿಗೆ ಪೂರ್ತಿ ನಿಜ. ಅಷ್ಟು ನೋಡಿದ ಮೇಲೆ ಆಸ್ತಿಕ-ನಾಸ್ತಿಕರ ನಡುವೆ ನಿಮ್ಮ ಆ ಒಂದು ಗೆರೆ ಎಲ್ಲಿಂದ ಎಲ್ಲಿಗೆ ಎಳೆಯುತ್ತೀರಿ ಹೇಳಿ.

ಹೋದ ವರ್ಷ ಕಾಯಿ ಹೊತ್ತು ದೊಡ್ಡಪ್ಪನ ಜತೆ ನಾನೂ ಬೆಟ್ಟ ಹತ್ತಿದೆ. ಒಡೆದವರು ಅವರೇ. ನನ್ನ ಅಭಿಪ್ರಾಯ ಬದಲಾಗಿಲ್ಲ, ಅವರೂ ಕೇಳಲಿಲ್ಲ. ಕೆಳಗಿಳಿದು ಬಂದಮೇಲೆ, "ಆಸರಿಗೆ ಬೇಕಾ?" ಅಂದರು.