ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಬ್ಯಾಟರಿಗೆ ಯಾವ ಚಾರ್ಜರ್?

ಪ್ರಶ್ನೆ: ಸರ್, ನನ್ ಮಗ ಕ್ಯಾತ್ಸಂದ್ರದಲ್ಲಿ ಮನೆ ಹಿಂದಿನ ಖಾಲಿ ಸೈಟಲ್ಲಿ ಆರ್‌ಸಿ ಕಾರ್ ಓಡಿಸ್ತಾನೆ, ಈಗ ಹೊಸದಾಗಿ 2ಎಸ್ (ಎರಡು ಸೆಲ್ ಸರಣಿಲಿರೋ) 5000 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತಂದಿದೀವಿ, ಹಳೇ ನಿಕಲ್ ಬ್ಯಾಟರಿ ಚಾರ್ಜರಲ್ಲೇ ಹಾಕಬಹುದಾ?
— ಓದುಗರು, ತುಮಕೂರು

ಉತ್ತರ: ದಯವಿಟ್ಟು ಹಾಕ್ಬೇಡಿ. ಲಿಪೋ ಒಂದೊಂದು ಸೆಲ್ಲೂ 4.2 ವೋಲ್ಟ್‌ಗೆ ನಿಲ್ಲಲೇಬೇಕು, ನಿಕಲ್ ಚಾರ್ಜರ್‌ಗೆ ಅದು ಗೊತ್ತಾಗಲ್ಲ, ದಾಟಿದ್ರೆ ಬ್ಯಾಟರಿ ಊದ್ಕೊಳ್ಳುತ್ತೆ, ಬೆಂಕಿನೂ ಹತ್ಕೋಬಹುದು. ಬ್ಯಾಲೆನ್ಸ್ ಚಾರ್ಜರೇ ತಗೊಳ್ಳಿ, ಎರಡೂ ಸೆಲ್‌ನ ಬೇರೆಬೇರೆ ನೋಡಿ ಸಮ ಮಾಡುತ್ತೆ, ಬ್ಯಾಟರಿಲಿರೋ ಸಣ್ಣ ಬಿಳಿ ಪ್ಲಗ್ ಇರೋದೇ ಅದಕ್ಕೆ. ಇನ್ನು ವ್ಯಾಟ್ ಲೆಕ್ಕ: 5000 ಎಂಎಎಚ್‌ಗೆ 1ಸಿ (ಸುಮಾರು ಒಂದು ಗಂಟೇಲಿ ತುಂಬೋ ವೇಗ) ಅಂದ್ರೆ 5 ಆಂಪ್, ಅದನ್ನ ಫುಲ್ ಚಾರ್ಜಿನ 8.4 ವೋಲ್ಟ್ ಜೊತೆ ಗುಣಿಸಿದ್ರೆ 42, ಹಾಗಾಗಿ 50 ವ್ಯಾಟಿಂದು ಸಾಕು, ಒಂದೇ ಬ್ಯಾಟರಿಗೆ 200 ವ್ಯಾಟಿಂದು ತರೋದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಕೆಲವಕ್ಕೆ ಅಡಾಪ್ಟರ್ ಬೇರೆ ಬೇಕು, ಕೇಳ್ಕೊಳ್ಳಿ. ಸ್ಟೋರೇಜ್ ಮೋಡ್ ಇರಲೇಬೇಕು, ಪರೀಕ್ಷೆ ಅಂತ ತಿಂಗಳುಗಟ್ಲೆ ಕಾರ್ ಮುಟ್ಟದೇ ಇದ್ರೆ ಸೆಲ್‌ನ 3.8 ವೋಲ್ಟಲ್ಲಿ ಇಡಬೇಕು. ಬಿಸಿಲಲ್ಲಿ ಓಡಿಸಿದ ಬ್ಯಾಟರಿ ತಣ್ಣಗಾದ್ಮೇಲೇ ಚಾರ್ಜಿಗೆ ಹಾಕಿ, ಹಾಕಿ ಹೊರಗೆ ಹೋಗ್ಬೇಡಿ, ಹಾಸಿಗೆ ಮೇಲಂತೂ ಬೇಡ್ವೇ ಬೇಡ.