ಯುರ್ಗಿರ್ ಮುಂದೆ ಲೇಜೆಲ್‌ಳನ್ನು ಮಾತಿಗೆ ಬಿಡಬೇಡಿ

"ಬಾಲ್ಡರ್ಸ್ ಗೇಟ್ 3ರಲ್ಲಿ ಯುರ್ಗಿರ್‌ನನ್ನು ಮಾತಲ್ಲೇ ಮುಗಿಸೋಣ ಅಂತ ಹೋದೆ, ಲೇಜೆಲ್ ಮಾತಿಗಿಳಿದಳು, 13 ಬಿದ್ದರೂ ಫೇಲ್, ಈ ಗೇಮಲ್ಲಿ ಕೊನೆಗೆ ಹೊಡೆದಾಟವೇ ಗತಿ" ಅಂತ ಬರೆದಿದ್ದೀರಿ. ಹೊಸಬರಿಗೆ ಹೇಳೋದಾದರೆ, ಇದು ನಾಲ್ವರ ತಂಡ ಕಟ್ಟಿ ಆಡೋ ಕಂಪ್ಯೂಟರ್ ಗೇಮ್, ಯುರ್ಗಿರ್ ಅದರಲ್ಲಿ ಎದುರಾಗೋ ಒಬ್ಬ ದೈತ್ಯ, ಲೇಜೆಲ್ ನಮ್ಮ ತಂಡದ ಕತ್ತಿಯಾಳು. ಮಾತಿನ ಫಲ ತೀರ್ಮಾನಿಸೋದು 20 ಮುಖದ ಡೈಸ್: ಬಿದ್ದ ಅಂಕಕ್ಕೆ ಪಾತ್ರದ ಪ್ಲಸ್ ಮೈನಸ್ ಸೇರಿಸಿ ಗುರಿ ಮುಟ್ಟಿದರೆ ಗೆಲುವು, ಇದಕ್ಕೇ ಚೆಕ್ ಅನ್ನೋದು. ಗೇಮನ್ನು ಬೈಯಬೇಡಿ ಸ್ವಾಮಿ. ಮಾತು ಬಲ್ಲವನಿಗೆ ಜಗಳವಿಲ್ಲ, ಒಪ್ಪಿದೆ, ಆದರೆ ನೀವು ಮಾತು ಬಲ್ಲವನನ್ನು ಹಿಂದೆ ನಿಲ್ಲಿಸಿ ಕತ್ತಿ ಬಲ್ಲವಳನ್ನು ಮುಂದೆ ಬಿಟ್ಟಿದ್ದೀರಿ. ನಾನೂ ಇದೇ ಗುಂಡಿಗೆ ಬಿದ್ದವನೇ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಎರಡನೇ ಆಕ್ಟ್ ಮುಗಿಸದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆ ಬಯಲಾಗುತ್ತೆ.

ತಂಡದಲ್ಲಿ ಯಾರ ಕರಿಸ್ಮಾ (ವರ್ಚಸ್ಸು) ಜಾಸ್ತಿ ಅಂತ ಈ ಗೇಮ್ ನೋಡೋದೇ ಇಲ್ಲ. ನೀವು ಯಾರನ್ನು ಆಯ್ದುಕೊಂಡಿದ್ದೀರೋ ಅವರು, ಇಲ್ಲಾ ಮೊದಲು ಎದುರಾಳಿಯ ಕಣ್ಣಿಗೆ ಬಿದ್ದವರು, ಅವರೇ ಮಾತಾಡಬೇಕು, ಅವರದ್ದೇ ಲೆಕ್ಕ. ಲೇಜೆಲ್‌ಳ ಕರಿಸ್ಮಾ 8, ಅಂದರೆ ಪರ್ಸುಯೇಶನ್‌ಗೆ (ಮನವೊಲಿಸೋದಕ್ಕೆ) ಮೈನಸ್ 1. ಗುರಿ 21 ಇದ್ದರೆ ಅವಳಿಗೆ ನ್ಯಾಚುರಲ್ 20 (ಡೈಸಲ್ಲೇ 20, ಅದು ಯಾವಾಗಲೂ ಗೆಲುವು) ಬಿದ್ದರಷ್ಟೇ ಉಂಟು, ಶೇ. 5. ಹಾಗಾಗಿ ಬಾಗಿಲ ಆಚೆಯೇ ಜಿ ಒತ್ತಿ ಗುಂಪು ಬಿಡಿಸಿ, ಮೂವರನ್ನು ಹಿಂದೆ ನಿಲ್ಲಿಸಿ, ಮಾತುಗಾರ ಒಬ್ಬನೇ ಒಳಗೆ ಹೋಗಲಿ. ಇದಕ್ಕೆ ಇನ್ನೊಂದು ಲಾಭವೂ ಇದೆ. ಮಾತು ಕೆಟ್ಟರೆ ಹೊಡೆದಾಟದ ಸರದಿ ಪಟ್ಟಿಗೆ ಬರೋದು ಹತ್ತಿರ ಇದ್ದವರು ಮಾತ್ರ. ಹೊರಗೆ ಉಳಿದವರನ್ನು ನಿಧಾನಕ್ಕೆ ಮೇಲಿನ ಜಾಗಕ್ಕೆ ಹತ್ತಿಸಿಕೊಂಡು ಆಮೇಲೆ ಇಳಿಸಬಹುದು. ನಾಲ್ವರೂ ಸಾಲಾಗಿ ನಡುಮಧ್ಯ ನಿಂತಿದ್ದರೆ ಆ ಅವಕಾಶ ಇಲ್ಲ.

ಈಗ ಅಸಲಿ ವಿಷಯ, ಕಾನ್ಸಂಟ್ರೇಶನ್: ಕೆಲವು ಮಂತ್ರ ಉಳೀಬೇಕಾದರೆ ಹಾಕಿದವರ ಗಮನ ಅದರ ಮೇಲೇ ಇರಬೇಕು, ಒಬ್ಬರಿಗೆ ಒಮ್ಮೆಗೆ ಅಂಥದ್ದು ಒಂದೇ. ಗೈಡನ್ಸ್ ಮಂತ್ರ ಹಾಕಿದರೆ ಚೆಕ್‌ಗೆ 1ಡಿ4 (ನಾಲ್ಕು ಮುಖದ ಒಂದು ಡೈಸ್) ಸೇರುತ್ತೆ. ಎನ್ಹಾನ್ಸ್ ಎಬಿಲಿಟಿ ಮಂತ್ರದಲ್ಲಿ ಈಗಲ್ಸ್ ಸ್ಪ್ಲೆಂಡರ್ ಆರಿಸಿದರೆ ಕರಿಸ್ಮಾ ಚೆಕ್‌ಗೆಲ್ಲ ಅಡ್ವಾಂಟೇಜ್, ಅಂದರೆ ಡೈಸ್ ಎರಡು ಸಲ ಉರುಳಿ ದೊಡ್ಡದು ಲೆಕ್ಕಕ್ಕೆ. ಎರಡಕ್ಕೂ ಕಾನ್ಸಂಟ್ರೇಶನ್ ಬೇಕು. ತಂಡದ ಕ್ಲೆರಿಕ್ (ಪೂಜಾರಿಣಿ) ಶ್ಯಾಡೋಹಾರ್ಟ್ ಮೊದಲು ಎನ್ಹಾನ್ಸ್ ಹಾಕಿ, ಅದರ ಹಿಂದೆಯೇ ಗೈಡನ್ಸ್ ಹಾಕಿದಳು ಅನ್ನಿ, ಮೊದಲನೆಯದು ಸದ್ದಿಲ್ಲದೆ ಆರಿಹೋಯಿತು. ನೀವು ಎರಡೂ ಇದೆ ಅಂದುಕೊಂಡು ಮಾತಿಗೆ ಹೋಗ್ತೀರಿ. ಆದ್ದರಿಂದ ಎರಡು ಮಂತ್ರಕ್ಕೆ ಇಬ್ಬರು ಬೇಕು. ಮಾತುಗಾರ ಬಾರ್ಡ್ (ಗಾಯಕ) ಅಥವಾ ಸಾರ್ಸರರ್ (ಮಾಂತ್ರಿಕ) ವರ್ಗದವನಾಗಿದ್ದರೆ ಸುಲಭ: ಎನ್ಹಾನ್ಸ್ ತನಗೆ ತಾನೇ ಹಾಕಿಕೊಳ್ಳಲಿ, ಅದು ಲಾಂಗ್ ರೆಸ್ಟ್‌ವರೆಗೂ (ಬಿಡಾರದಲ್ಲಿ ರಾತ್ರಿ ಮಲಗೋವರೆಗೂ) ಇರುತ್ತೆ, ನಡುವೆ ಪೆಟ್ಟು ತಿಂದು ಕಳಕೊಳ್ಳಬಾರದು ಅಷ್ಟೇ. ಗೈಡನ್ಸ್ ಶ್ಯಾಡೋಹಾರ್ಟ್ ಕೊಡಲಿ, ಅದು 10 ಸರದಿ, ಅಂದರೆ ಒಂದು ನಿಮಿಷ ಮಾತ್ರ, ಆದ್ದರಿಂದ ಬಾಗಿಲ ಹತ್ತಿರ ಹಾಕಿಸಿಕೊಂಡು ನೇರ ನಡೀರಿ. ಮಾತಿನ ಪರದೆಯಲ್ಲೇ ಹಾಕಬಹುದಲ್ಲ ಅಂತೀರಿ. ಹಾಕಬಹುದು, ಆದರೆ ಅವಳು ಹತ್ತಿರ ಇರಬೇಕು, ಆಗ ಹಿಂದೆ ನಿಲ್ಲಿಸಿದ ಲಾಭ ಹೋಯಿತು. ಪ್ಯಾಲಡಿನ್, ವಾರ್ಲಾಕ್ ವರ್ಗದ ಮಾತುಗಾರನನ್ನು ಇಟ್ಟುಕೊಂಡವರಿಗೆ ಎನ್ಹಾನ್ಸ್ ಇಲ್ಲ. ಅವರು ಬಿಡಾರದಲ್ಲಿರೋ ವಿದರ್ಸ್ ಹತ್ತಿರ 100 ಚಿನ್ನ ಕೊಟ್ಟು, ಈ ಮಂತ್ರ ಬಲ್ಲ ಒಬ್ಬ ಡ್ರೂಯಿಡ್ ಬಾಡಿಗೆಯವನನ್ನು ಎಬ್ಬಿಸಿಕೊಳ್ಳಲಿ.

ಇಷ್ಟೆಲ್ಲ ಯಾಕೆ ಅಂದರೆ ಲೆಕ್ಕ ನೋಡಿ. ಎಂಟನೇ ಲೆವೆಲ್ ಬಾರ್ಡ್, ಕರಿಸ್ಮಾ 18, ಪರ್ಸುಯೇಶನ್‌ನಲ್ಲಿ ಎಕ್ಸ್‌ಪರ್ಟೈಸ್ (ಪರಿಣತಿ): ಕರಿಸ್ಮಾದ 4 ಮತ್ತು ಪರಿಣತಿಯ 6 ಸೇರಿ ಪ್ಲಸ್ 10. ಗುರಿ 21ಕ್ಕೆ ಬರೀ ಕೈಯಲ್ಲಿ ಶೇ. 50. ಗೈಡನ್ಸ್ ಒಂದೇ ಇದ್ದರೆ ಶೇ. 62 ದಾಟುತ್ತೆ, ಅಡ್ವಾಂಟೇಜ್ ಒಂದೇ ಆದರೆ 75, ಎರಡೂ ಸೇರಿದರೆ ಹೆಚ್ಚುಕಡಿಮೆ 86. ಡೈಸಲ್ಲಿ 1 ಬಿದ್ದರೆ ಎಷ್ಟು ಪ್ಲಸ್ ಇದ್ದರೂ ಸೋಲೇ. ಆ ಶೇ. 5ರ ಕಂಟಕವನ್ನು ಅಡ್ವಾಂಟೇಜ್ ನಾನೂರರಲ್ಲಿ ಒಂದಕ್ಕೆ ಇಳಿಸುತ್ತೆ. ಇದೇ ಕಾರಣಕ್ಕೆ ಒಂದೇ ಆಯ್ಕೆ ಇದ್ದರೆ ಗೈಡನ್ಸ್ ಬಿಟ್ಟು ಅಡ್ವಾಂಟೇಜ್ ಹಿಡೀರಿ.

ಅಡ್ವಾಂಟೇಜ್ ಮೇಲೆ ಅಡ್ವಾಂಟೇಜ್ ಪೇರಿಸಿದರೆ ಏನೂ ಸಿಗಲ್ಲ. ಎನ್ಹಾನ್ಸ್ ಇರುವಾಗ ಅದೇ ಅಡ್ವಾಂಟೇಜ್ ಕೊಡೋ ಫ್ರೆಂಡ್ಸ್ ಮಂತ್ರ ಹಾಕೋದು ದಂಡ. ಅದೂ ಅಲ್ಲದೆ ಫ್ರೆಂಡ್ಸ್, ಚಾರ್ಮ್ ಪರ್ಸನ್ ಎರಡೂ ಇಳಿದ ಮೇಲೆ ಎದುರಿನವನು "ನನ್ನ ಮೇಲೆ ಮಾಟ ಮಾಡಿದೆ" ಅಂತ ತಿರುಗಿ ಬೀಳಬಹುದು. ಮತ್ತೆ ಮತ್ತೆ ಹೋಗಬೇಕಾದ ವ್ಯಾಪಾರಿ ಮೇಲೆ ಅದನ್ನು ಹಾಕುವವರಿಗೆ ಏನು ಹೇಳೋದು!

ಮಾತಿನ ಆಯ್ಕೆಯ ಸಾಲಿನ ಮುಂದೆ ಯಾವ ಎಬಿಲಿಟಿ (ಗುಣ) ಅಂತ ಓದೋ ಅಭ್ಯಾಸ ಮಾಡಿಕೊಳ್ಳಿ. ಗಾಬ್ಲಿನ್ ಕ್ಯಾಂಪ್ ಬಾಗಿಲಲ್ಲಿ ನಿಮ್ಮ ಪಾತ್ರದ ತಲೆಯೊಳಗಿನ ಹುಳ ಬಳಸೋ ಇಲ್ಲಿಥಿಡ್ ಸಾಲು ವಿಸ್ಡಮ್ ಚೆಕ್. ಅಲ್ಲಿ ಈಗಲ್ಸ್ ಸ್ಪ್ಲೆಂಡರ್ ಉಪಯೋಗಕ್ಕೆ ಬರಲ್ಲ, ಅದೇ ಎನ್ಹಾನ್ಸ್‌ನ ಔಲ್ಸ್ ವಿಸ್ಡಮ್ ಬೇಕು. ಅದೇ ಬಾಗಿಲಲ್ಲಿ ವೇಷ ಬದಲಿಸೋ ಡಿಸ್‌ಗೈಸ್ ಸೆಲ್ಫ್‌ ಮಂತ್ರದಿಂದ ಡ್ರೌ (ಒಂದು ಜಾತಿಯ ಎಲ್ಫ್) ವೇಷ ಹಾಕಿದರೆ ಬೇರೆಯದೇ ಮರ್ಯಾದೆ. ಹೆಂಡದಂಗಡಿಯ ಥಿಸೋಬಾಲ್ಡ್ ಜೊತೆ ಕುಡಿಯೋ ಪಂದ್ಯ ಕಾನ್ಸ್ಟಿಟ್ಯೂಶನ್ ಸೇವ್ (ದೇಹ ತಾಳುತ್ತಾ ಅನ್ನೋ ಪರೀಕ್ಷೆ). ಸೇವ್‌ಗೆ ಗೈಡನ್ಸ್ ಸೇರಲ್ಲ, ಅದು ಚೆಕ್‌ಗೆ ಮಾತ್ರ. ಕುಡಿದಂತೆ ನಟಿಸಿ ಚೆಲ್ಲೋ ಸ್ಲೈಟ್ ಆಫ್ ಹ್ಯಾಂಡ್ (ಕೈಚಳಕ) ಸಾಲಿಗೆ ಸೇರುತ್ತೆ.

ಇನ್ನು ಯುರ್ಗಿರ್. ಅಲ್ಲಿ ಒಂದೇ ಚೆಕ್ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ, ಒಬ್ಬೊಬ್ಬರ ಸಾವಿಗೆ ಅವನನ್ನು ಒಪ್ಪಿಸಬೇಕು: ಮೊದಲು ಅವನ ಮೆರೆಗಾನ್ ಆಳುಗಳು, ಆಮೇಲೆ ಸಾಕಿದ ಡಿಸ್‌ಪ್ಲೇಸರ್ ಬೀಸ್ಟ್, ಕೊನೆಗೆ ಅವನೇ. ಮಧ್ಯದಲ್ಲಿ ಸೋತರೂ ಅಷ್ಟು ಹೊತ್ತಿಗೆ ಆಳುಗಳು ಸತ್ತಿರುತ್ತಾರೆ, ಉಳಿದ ಜಗಳ ಅರ್ಧಕ್ಕರ್ಧ ಸಲೀಸು. ಇನ್ಸ್‌ಪಿರೇಶನ್ (ಡೈಸ್ ಮತ್ತೆ ಉರುಳಿಸೋ ಅವಕಾಶ) ನಾಲ್ಕೇ ಹಿಡಿಯೋದು, ಅದನ್ನು ಮೊದಲ ಮೆಟ್ಟಿಲಲ್ಲೇ ಸುರಿಯಬೇಡಿ. ಮಾಲಸ್ ಥಾರ್ಮ್‌ನ ಆಸ್ಪತ್ರೆಯಲ್ಲೂ ಮಾತೇ ಸಾಕು, ದಾದಿಯರ ಕೈಯಿಂದಲೇ ಅವನ ಕಥೆ ಮುಗಿಸಬಹುದು. ಈ ಆಕ್ಟ್‌ನ ಮುಖ್ಯ ಎದುರಾಳಿ ಕೆಥೆರಿಕ್‌ನನ್ನು ಮಾತಲ್ಲಿ ಸೋಲಿಸಿದರೆ ಒಂದು ಸುತ್ತಿನ ಯುದ್ಧ ತಪ್ಪುತ್ತೆ. ಆದರೆ ಕೊನೆಗೆ ಸಾವಿನ ದೇವರು ಮಿರ್ಕುಲ್‌ನ ಅಪಾಸಲ್ (ದೂತ) ಜೊತೆ ಹೊಡೆದಾಡಲೇಬೇಕು, ಅಲ್ಲಿ ಬಾಯಿ ನಡೆಯಲ್ಲ. ಮಂತ್ರದ ಸ್ಲಾಟ್ ಎಲ್ಲ ಮಾತಿಗೇ ಖರ್ಚು ಮಾಡಿಕೊಂಡು ಅಲ್ಲಿಗೆ ಇಳಿಯಬೇಡಿ.

ಸತತ ಕೆಟ್ಟ ಅಂಕ ಬೀಳದ ಹಾಗೆ ನೋಡಿಕೊಳ್ಳೋ ಕಾರ್ಮಿಕ್ ಡೈಸ್ ಸೆಟ್ಟಿಂಗ್ ಆಫ್ ಮಾಡಿ ಅಂತ ನನ್ನ ಅಭಿಪ್ರಾಯ. ಮೇಲಿನ ಲೆಕ್ಕ ನಿಜ ಆಗಬೇಕಾದರೆ ಡೈಸ್ ತನ್ನ ಪಾಡಿಗೆ ಬೀಳಬೇಕು. ಎಫ್8 ಒತ್ತಿ ಒತ್ತಿ ಹಳೇ ಸೇವ್ ಫೈಲ್‌ಗೆ ಮರಳಿ 20 ಬರಿಸೋರಿಗೆ ಇದ್ಯಾವುದೂ ಬೇಡ, ಆದರೆ ಅತಿ ಕಠಿಣವಾದ ಹಾನರ್ ಮೋಡ್‌ಗೆ ಬಂದರೆ ಒಂದೇ ಸೇವ್ ಫೈಲ್, ಆಗ ಗೊತ್ತಾಗುತ್ತೆ. ಡೈಸೇ ಬೇಡ ಅನ್ನೋರಿಗೆ ಈ ಗೇಮ್ ಮಾಡಿದ ಲೇರಿಯನ್‌ನವರದ್ದೇ ಡಿವಿನಿಟಿ ಒರಿಜಿನಲ್ ಸಿನ್ 2 ಇದೆ. ಅಲ್ಲಿ ಪರ್ಸುಯೇಶನ್ ಅಂಕ ಸಾಕಷ್ಟಿದ್ದರೆ ಗೆಲುವು, ಇಲ್ಲದಿದ್ದರೆ ಸೋಲು. ನನಗೆ ಅದು ಸಪ್ಪೆ.

ಕದ್ದು ದಾಟೋರಿಗೆ ಎರಡು ಮಾತು. ಶಿಫ್ಟ್ ಹಿಡಿದರೆ ಕಾವಲಿನವರ ನೋಟದ ಕೆಂಪು ಹರಹು ಕಾಣುತ್ತೆ. ಅದರೊಳಗೆ ಬೆಳಕಲ್ಲಿ ಕಾಲಿಟ್ಟರೆ ಸ್ಟೆಲ್ತ್ 30 ಇದ್ದರೂ ಸಿಕ್ಕಿಬಿದ್ದಿರಿ, ಡೈಸೇ ಉರುಳಲ್ಲ. ಡೈಸ್ ಉರುಳೋದು ನೆರಳಿದ್ದರೆ ಮಾತ್ರ. ಅದಕ್ಕೇ ಮೊದಲು ಗೋಡೆಯ ಪಂಜು, ಮೇಣದಬತ್ತಿ ಆರಿಸಿ. ಕೈಯಲ್ಲಿ ಪಂಜು ಹಿಡಿದು, ಕತ್ತಿಗೆ ಲೈಟ್ ಮಂತ್ರ ಹಚ್ಚಿಕೊಂಡು "ಸ್ಟೆಲ್ತ್ ಕೆಲಸ ಮಾಡಲ್ಲ" ಅನ್ನೋರನ್ನು ಈ ಗುಂಪಲ್ಲೇ ನೋಡಿದ್ದೇನೆ. ಕತ್ತಲೇ ಪೆಟ್ಟು ಕೊಡೋ ಎರಡನೇ ಆಕ್ಟ್‌ನ ಶಾಪದ ನೆಲದಲ್ಲಿ ಪಂಜು ಇಲ್ಲದೆ ಹೇಗೆ ಅಂದರೆ, ಲಾಂದ್ರದೊಳಗಿನ ಪಿಕ್ಸಿಯನ್ನು (ಪುಟ್ಟ ಯಕ್ಷಿಯನ್ನು) ಬಿಡಿಸಿ ಅವಳ ಆಶೀರ್ವಾದ ತಗೊಳ್ಳಿ. ಪಾಸ್ ವಿಥೌಟ್ ಟ್ರೇಸ್ ಮಂತ್ರ ಹಾಕಿದರೆ ಸುತ್ತಲಿನವರಿಗೆಲ್ಲ ಸ್ಟೆಲ್ತ್‌ಗೆ ಪ್ಲಸ್ 10. ಶ್ಯಾಡೋಹಾರ್ಟ್ ತನ್ನ ಶುರುವಿನ ಡೊಮೇನ್ (ಕ್ಲೆರಿಕ್ ಒಳವರ್ಗ) ಟ್ರಿಕರಿಯಲ್ಲೇ ಉಳಿದಿದ್ದರೆ ಮೂರನೇ ಲೆವೆಲ್‌ಗೇ ಅದು ಬಂದಿರುತ್ತೆ. ಡೊಮೇನ್ ಬದಲಿಸಲೇಬೇಕು ಅಂತ ಎಲ್ಲರೂ ಕೂಗೋದನ್ನು ನಾನು ಒಪ್ಪಲ್ಲ. ಆದರೆ ಇದೂ ಕಾನ್ಸಂಟ್ರೇಶನ್, ಇದು ನಡೀತಿರುವಾಗ ಗೈಡನ್ಸ್ ಕೊಡಿಸಿದರೆ ನಾಲ್ವರೂ ಒಟ್ಟಿಗೆ ಬಯಲಿಗೆ ಬರ್ತೀರಿ. ಸ್ಟೆಲ್ತ್‌ಗೆ ಡಿಸಡ್ವಾಂಟೇಜ್ ಅಂತ ಬರೆದಿರೋ ಕವಚ ತೊಟ್ಟವರನ್ನು ಕರಕೊಂಡೇ ಹೋಗಬೇಡಿ. ಕಾವಲಿನವನು ಜಾಗ ಬಿಡದಿದ್ದರೆ ಮೈನರ್ ಇಲ್ಯೂಶನ್ ಮಂತ್ರದ ಮಾಯಾ ಬೆಕ್ಕನ್ನು ಆಚೆ ಬಿಡಿ, ನೋಡೋಕೆ ಹೋಗ್ತಾನೆ, ಆ ಹೊತ್ತಿಗೆ ಶಿಫ್ಟ್ ಮತ್ತು ಸ್ಪೇಸ್ ಒತ್ತಿ ಸರದಿ ಮೋಡ್‌ನಲ್ಲಿ ದಾಟಿ. ಅದೃಶ್ಯರಾಗೋ ಇನ್ವಿಸಿಬಿಲಿಟಿ ಮಂತ್ರ ನಂಬಿ ಪೆಟ್ಟಿಗೆಗೆ ಕೈ ಹಾಕಬೇಡಿ, ವಸ್ತು ಮುಟ್ಟಿದ ಕೂಡಲೇ ಅದು ಬಿಟ್ಟುಹೋಗುತ್ತೆ.

ಹೀಗೆ ಸುತ್ತಿ ದಾಟಿದರೆ ಎಕ್ಸ್‌ಪಿ (ಅನುಭವದ ಅಂಕ) ಇಲ್ಲ ಅನ್ನೋದೂ ನೆನಪಿರಲಿ. ಅದಕ್ಕೇ ಮಾತಿಗೆ ಜಾಗ ಇರೋ ಕಡೆ ಕದ್ದು ಹೋಗಬೇಡಿ.

ಕೊಂದುಬಿಟ್ಟ ಮೇಲೆ "ಛೇ, ಅವನಿಗೆ ಏನೋ ಗೊತ್ತಿತ್ತು" ಅನಿಸಿದರೆ ಹೆಣವನ್ನು ಮಾತಾಡಿಸೋ ಸ್ಪೀಕ್ ವಿತ್ ಡೆಡ್ ಮಂತ್ರ ಇದೆ, ಐದು ಪ್ರಶ್ನೆ. ಕೊಂದವನ ಮುಖ ಕಂಡರೆ ಹೆಣ ಬಾಯಿ ಬಿಡಲ್ಲ. ಡಿಸ್‌ಗೈಸ್ ಸೆಲ್ಫ್ ಹಾಕಿಕೊಂಡು ಹೋಗಿ ಕೇಳಿ.