ಮೈಸೂರಿನ ಸುತ್ತಮುತ್ತ ಸೈಕಲ್ ಓಡಿಸಲು ನಾವಿಕ್ ಹಿಡಿಯುವ ಜಿಪಿಎಸ್ ಸಾಧನವೇ ಬೇಕೆ?

ಜಿಪಿಎಸ್‌ನಂತೆಯೇ ಇರುವ ಜಾಗವನ್ನು ತಿಳಿಸುವ ಭಾರತದ ಉಪಗ್ರಹ ವ್ಯವಸ್ಥೆ ನಾವಿಕ್‌ನ ಸಂಕೇತವನ್ನೂ ಹಿಡಿಯುವ, ಮೂವತ್ತು ಸಾವಿರ ರೂಪಾಯಿಯೊಳಗಿನ ಯಾವ ಸಾಧನವನ್ನು ಸೈಕಲ್ಲಿಗೆ ಕಟ್ಟಿಕೊಂಡರೆ ಮೇಲುಕೋಟೆ, ತಲಕಾಡುಗಳಿಗೆ ದಾರಿ ತಪ್ಪದೆ ಹೋಗಿಬರಬಹುದು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಸಿಕ್ಕಸಿಕ್ಕವರಿಗೆಲ್ಲ ಕೇಳುತ್ತಿದ್ದೆ. ಕೊನೆಗೆ, ಐದು ಉಪಗ್ರಹ ವ್ಯವಸ್ಥೆಗಳನ್ನು ಹಿಡಿಯುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದ ಸಾಧನವೊಂದನ್ನು, ಮನೆಯಲ್ಲಿ ಅರ್ಧ ಬೆಲೆ ಹೇಳಿ, ಕೊಂಡುತಂದೆ.

ತಂದ ಮೊದಲ ವಾರವೇ, ಸೆಪ್ಟೆಂಬರಿನ ಒಂದು ಭಾನುವಾರ, ಮೈಸೂರಿನಿಂದ ಮೇಲುಕೋಟೆಗೆ ಹೊರಟೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿಯ ದಾರಿ ಮೊದಲೇ ಗೊತ್ತಿದ್ದುದರಿಂದ ಹೋಗುವಾಗ ಸಾಧನದ ಅಗತ್ಯವೇ ಬೀಳಲಿಲ್ಲ. ಪುಳಿಯೋಗರೆ ತಿಂದು, ಕಲ್ಯಾಣಿಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕುಳಿತು, ಹಿಂದಿರುಗುವಾಗ ತೊಣ್ಣೂರು ಕೆರೆಯನ್ನು ನೋಡಿಕೊಂಡು ಒಳದಾರಿಯಲ್ಲಿ ಪಾಂಡವಪುರ ಸೇರಬೇಕೆಂಬುದು ನನ್ನ ಯೋಜನೆಯಾಗಿತ್ತು. ಕೆರೆಯ ಬಳಿ ಹೊತ್ತು ಹೋದದ್ದೇ ತಿಳಿಯದೆ, ಅಲ್ಲಿಂದ ಹೊರಡುವಾಗ ಸೂರ್ಯ ಮುಳುಗುತ್ತಿದ್ದ.

ತಪ್ಪು ನಡೆದದ್ದು ಆ ಸಂಜೆಯಲ್ಲ, ಹಿಂದಿನ ರಾತ್ರಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ಆರು ಕಡೆ ಬಿಂದುಗಳನ್ನು ಇಟ್ಟೆ. ಅವುಗಳ ನಡುವೆ ಡಾಂಬರು ರಸ್ತೆಯ ಗುಂಟ ಅಚ್ಚುಕಟ್ಟಾದ ಗೆರೆ ಮೂಡಿತು. ಅದನ್ನು ಜಿಪಿಎಕ್ಸ್ ಫೈಲಾಗಿ, ಅಂದರೆ ಸಾಧನಕ್ಕೆ ತುಂಬಬಹುದಾದ ದಾರಿಯ ಫೈಲಾಗಿ, ಇಳಿಸಿಕೊಳ್ಳುವಾಗ ‘ರೂಟ್’ ಬೇಕೋ ‘ಟ್ರ್ಯಾಕ್’ ಬೇಕೋ ಎಂದು ಕೇಳಿತು. ಎರಡೂ ದಾರಿಯೇ ತಾನೆ ಎಂದುಕೊಂಡು ಮೊದಲನೆಯದನ್ನು ಒತ್ತಿದೆ. ಟ್ರ್ಯಾಕ್ ಎಂದರೆ ಕೆಲವೇ ಮೀಟರುಗಳಿಗೆ ಒಂದರಂತೆ ಸಾವಿರಾರು ಬಿಂದುಗಳ ಸಾಲು. ಪ್ರತಿಯೊಂದು ತಿರುವಿನ ಆಕಾರವೂ ಅದರೊಳಗೇ ಇರುತ್ತದೆ. ನಾನು ಇಳಿಸಿಕೊಂಡ ರೂಟಿನಲ್ಲಿದ್ದದ್ದು ನಾನಿಟ್ಟ ಆರು ಬಿಂದುಗಳು ಮಾತ್ರ. ನಡುವಿನ ದಾರಿಯನ್ನು ಸಾಧನವು ತನ್ನ ಹೊಟ್ಟೆಯಲ್ಲಿರುವ ನಕ್ಷೆಯ ಮೇಲೆ, ತನ್ನದೇ ನಿಯಮಗಳ ಪ್ರಕಾರ, ಹೊಸದಾಗಿ ಲೆಕ್ಕ ಹಾಕಿಕೊಂಡಿತು. ಹಾಗಾಗಿ ರಾತ್ರಿ ನಾನು ಕಣ್ಣಾರೆ ನೋಡಿ ಒಪ್ಪಿದ ದಾರಿ ಒಂದು, ಸಾಧನದಲ್ಲಿದ್ದ ದಾರಿ ಇನ್ನೊಂದು. ಫೈಲಿನ ಹೆಸರು ಮಾತ್ರ ಒಂದೇ. ಸುಳಿವು ಇರಲಿಲ್ಲವೆಂದಲ್ಲ. ಕಂಪ್ಯೂಟರು ಒಟ್ಟು ದೂರವನ್ನು 106 ಕಿಲೋಮೀಟರ್ ಎಂದಿತ್ತು, ಸಾಧನವು 101 ಎಂದು ತೋರಿಸುತ್ತಿತ್ತು. ಆ ಐದು ಕಿಲೋಮೀಟರ್ ಎಲ್ಲಿ ಹೋಯಿತೆಂದು ಕೇಳಿಕೊಳ್ಳುವ ಬದಲು, ದಾರಿ ಕಡಿಮೆಯಾಯಿತೆಂದು ಸಂತೋಷಪಟ್ಟೆ.

ಸಾಧನವು ಆ ಐದು ಕಿಲೋಮೀಟರ್ ಉಳಿಸಿದ್ದು ನಾಲೆಯ ಏರಿಯ ಮೇಲೆ ಅಡ್ಡದಾರಿ ಹಿಡಿದು. ಸೈಕಲ್ ಎಂದು ಹೊಂದಿಸಿದ್ದರೆ ಇಂಥ ಸಾಧನಗಳು ವಾಹನಗಳಿಲ್ಲದ ಸಣ್ಣ ದಾರಿಗಳನ್ನೇ ಮೆಚ್ಚುತ್ತವೆ. ಅದರಲ್ಲಿದ್ದದ್ದು 2004ರಲ್ಲಿ ಆರಂಭವಾದ, ಸ್ವಯಂಸೇವಕರೇ ಬರೆದು ತಿದ್ದುವ ಓಪನ್ ಸ್ಟ್ರೀಟ್ ಮ್ಯಾಪ್ ನಕ್ಷೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ನಾಲೆಯ ಏರಿ ಮಣ್ಣುರಸ್ತೆಯಂತೆಯೇ ಕಾಣುತ್ತದೆ. ಯಾರೋ ಅದನ್ನು ರಸ್ತೆಯೆಂದೇ ಎಳೆದಿದ್ದರು. ಎಡಕ್ಕೆ ತುಂಬಿ ಹರಿಯುವ ನೀರು, ಬಲಕ್ಕೆ ಆಳು ಎತ್ತರ ಕೆಳಗೆ ಗದ್ದೆ, ನಡುವೆ ಎತ್ತಿನಗಾಡಿಯ ಅಗಲದ ಏರಿ, ತಡೆಗೋಡೆ ಎಂಬುದು ಹೆಸರಿಗೂ ಇಲ್ಲ. ಕತ್ತಲಾಗಿತ್ತು. ಪರದೆಯ ಮೇಲೆ ನೇರಳೆ ಗೆರೆ, ಅದರ ಮೇಲೆ ಬಾಣದ ಗುರುತು ನಿಶ್ಚಿಂತೆಯಿಂದ ಸಾಗುತ್ತಿತ್ತು, ನನ್ನ ಕಣ್ಣು ದಾರಿಯನ್ನು ಬಿಟ್ಟು ಅದರ ಮೇಲೇ ಇತ್ತು. ಮುಂಚಕ್ರ ತೂಬಿನ ಕಲ್ಲಿಗೆ ಬಡಿಯಿತು. ಪುಣ್ಯಕ್ಕೆ ಬಲಗಡೆಗೆ ಬಿದ್ದೆ.

ಗದ್ದೆಗೆ ನೀರು ಕಟ್ಟಲು ಬಂದಿದ್ದ ಹಿರಿಯರೊಬ್ಬರು ಟಾರ್ಚ್ ಹಿಡಿದು ಓಡಿಬಂದರು. “ಯಾರಪ್ಪ ಅದು? ಇತ್ಲಾಗೆ ಎಲ್ಲಿಗೆ ಹೊಂಟಿದ್ದೀಯ? ಮುಂದ್ಕೆ ಏರಿ ಕಿತ್ತೋಗದೆ, ದಾರಿ ಇಲ್ಲ” ಎಂದರು. ಇನ್ನೂ ಉರಿಯುತ್ತಿದ್ದ ಪರದೆಯನ್ನು ತೋರಿಸಿ, ದಾರಿ ಇದೆಯೆಂದು ಇದು ಹೇಳುತ್ತಿದೆಯಲ್ಲ ಎಂದೆ. ಅವರು ಬಗ್ಗಿ ನೋಡಿ, “ಹೇಳ್ತದೆ ಕಣಪ್ಪ, ಬೀಳೋದು ಅದಲ್ವಲ್ಲ” ಎಂದರು. ಸೊಟ್ಟಗಾದ ರಿಮ್ಮಿನ ಸೈಕಲನ್ನು ಇಬ್ಬರೂ ಹೊತ್ತು, ಗದ್ದೆಯ ಬದುವಿನ ಮೇಲೆ ನಡೆದು ಊರು ಸೇರಿದೆವು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಹಣ ಕಟ್ಟಿ ಹೆಸರು ಬರೆಸಿದ್ದ, ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ 200 ಕಿಲೋಮೀಟರಿನ ಬ್ರೆವೆಯೂ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ತಪ್ಪಿತು.

ಆ ರಾತ್ರಿ ಉಪಗ್ರಹಗಳ ಲೆಕ್ಕದಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ನಾನು ಏರಿಯ ಮೇಲೇ ಇದ್ದೇನೆ ಎಂದು ಸಾಧನ ಸರಿಯಾಗಿಯೇ ಹೇಳುತ್ತಿತ್ತು. ಇರುವ ಜಾಗವನ್ನು ಗುರುತಿಸಲು ನಾಲ್ಕು ಉಪಗ್ರಹಗಳ ಸಂಕೇತ ಸಾಕು; ಮಂಡ್ಯದ ಬಯಲಿನಲ್ಲಿ ನಿಂತರೆ, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿಪಿಎಸ್ ಒಂದರಿಂದಲೇ ಅದಕ್ಕಿಂತ ಹೆಚ್ಚು ಸಿಗುತ್ತವೆ. ನಾಗರಿಕರ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ಆ ಸರ್ಕಾರ ನಿಲ್ಲಿಸಿದಂದಿನಿಂದ, ಬಯಲು ಸೀಮೆಯ ಸವಾರನಿಗೆ ಸ್ಥಾನದ ನಿಖರತೆ ದೊಡ್ಡ ಸಮಸ್ಯೆಯಾಗಿ ಉಳಿದಿಲ್ಲ. ನಾವಿಕ್ ನಮ್ಮ ಇಸ್ರೋದ್ದು ಎಂಬ ಅಭಿಮಾನ ನನಗೂ ಇದೆ. ಆದರೆ ಅದರ ಮೊದಲ ಉಪಗ್ರಹಗಳು ಎಲ್5 ಮತ್ತು ಎಸ್ ತರಂಗಪಟ್ಟಿಗಳಲ್ಲಿ ಮಾತ್ರ ಸಂಕೇತ ಕಳುಹಿಸುತ್ತಿದ್ದವು. ಸಾಮಾನ್ಯ ಸಾಧನಗಳು ಬಳಸುವ ಎಲ್1 ಪಟ್ಟಿ ಸೇರಿದ್ದು 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಿಂದ. ಆ ಒಂದು ಹೆಸರಿಗಾಗಿ ಹೆಚ್ಚು ಹಣ ಕೊಡಬೇಡಿ. ಎರಡು ತರಂಗಪಟ್ಟಿ ಹಿಡಿಯುವ ಸಾಧನದಿಂದ ನಿಜವಾದ ಉಪಯೋಗವಿರುವುದು ಎತ್ತರದ ಕಟ್ಟಡಗಳ ನಡುವೆ ಅಥವಾ ದಟ್ಟ ಮರಗಳ ಕೆಳಗೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಉಪಗ್ರಹ ಎಂದು ಕೇಳುವ ಬದಲು, ನಾನು ಎಳೆದ ಗೆರೆಯನ್ನು ಇದು ಇದ್ದಂತೆಯೇ ತೋರಿಸುತ್ತದೆಯೇ, ದಾರಿಯನ್ನು ತಾನಾಗಿಯೇ ಮರುಲೆಕ್ಕ ಹಾಕುವುದನ್ನು ನಿಲ್ಲಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಈ ಎರಡು ಕೆಲಸಗಳನ್ನು ಮಾಡುವ, ನಕ್ಷೆಯೇ ಇಲ್ಲದ ಕಡಿಮೆ ಬೆಲೆಯ ಸಾಧನ ಸಾಕು. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಂಡು ಜೇಬಿನಲ್ಲಿಡಿ. ಚಾಮುಂಡಿ ಬೆಟ್ಟವನ್ನು ಎಷ್ಟು ಹತ್ತಿದಿರೆಂಬ ಲೆಕ್ಕ ನಿಖರವಾಗಿ ಬೇಕಾದರೆ ಮಾತ್ರ ಗಾಳಿಯೊತ್ತಡದಿಂದ ಎತ್ತರ ಅಳೆಯುವ ಮಾದರಿಗೆ ಹಣ ಹಾಕಿ, ಏಕೆಂದರೆ ಉಪಗ್ರಹಗಳು ಎತ್ತರವನ್ನು ಹೇಳುವುದರಲ್ಲಿ ಅಷ್ಟು ಗಟ್ಟಿಗರಲ್ಲ. ಇನ್ನು, ಸಾಧನವನ್ನು ಕಾರಿನ ಕ್ರಮದಲ್ಲಿ ಇಟ್ಟುಕೊಂಡು ಮದ್ದೂರಿನ ಕಡೆ ಹೊರಡಬೇಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೇ ಪ್ರವೇಶವಿಲ್ಲ, ಸೈಕಲ್ಲಿಗಂತೂ ಇಲ್ಲವೇ ಇಲ್ಲ. ಸರ್ವಿಸ್ ರಸ್ತೆಯೇ ನಮಗೆ ಗತಿ.

ಕೈ ವಾಸಿಯಾದ ಮೇಲೆ, ಏರಿಯ ಆ ಭಾಗವನ್ನು ನಕ್ಷೆಯಲ್ಲಿ ನಾನೇ ಕಾಲುದಾರಿ ಎಂದು ತಿದ್ದಿದೆ. ಖಾತೆ ತೆರೆದ ಯಾರು ಬೇಕಾದರೂ ಅದನ್ನು ಮಾಡಬಹುದು. ಈಗ ಪ್ರತಿ ಸವಾರಿಯ ಹಿಂದಿನ ರಾತ್ರಿ ಟ್ರ್ಯಾಕ್ ಆಗಿಯೇ ಇಳಿಸಿಕೊಂಡು, ಎರಡೂ ಕಡೆಯ ಕಿಲೋಮೀಟರುಗಳನ್ನು ಹೋಲಿಸಿ, ದಾರಿಯಲ್ಲಿ ಸಿಗುವ ಊರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಳ್ಳುತ್ತೇನೆ. ಕೂಡುರಸ್ತೆಯಲ್ಲಿ ನಿಂತು ಯಾರನ್ನಾದರೂ ಕೇಳಬೇಕಾದಾಗ ಕೆಲಸಕ್ಕೆ ಬರುವುದು ಆ ಚೀಟಿಯೇ. ನೀವು ಹೇಳಿದ ತಲಕಾಡಿಗಾದರೆ ತಿ. ನರಸೀಪುರದ ರಸ್ತೆ ಹಿಡಿಯಿರಿ. ಅಲ್ಲಿಗೆ ಹೋಗಿಬರಲು ಯಾವ ಸಾಧನವನ್ನೂ ಕೊಳ್ಳಬೇಕಾಗಿಲ್ಲ.